ಘಾಟಿ ದಾಟದ ಮದುಮಗ

ನೋಲೀನ್ ತನ್ನ ಮದುವೆಗೆ ತಾನೇ ಕಾರು ಓಡಿಸಿಕೊಂಡು ಹೊರಟಳು. ಬೇಡ ಅಂತ ತಂಗಿ ಹೇಳಿದಳು, ಬೇಡ ಅಂತ ಪಕ್ಕದ ಮನೆಯವರು ಹೇಳಿದರು, ಹೂವಿನ ಅಂಗಡಿಯವಳಂತೂ ನನ್ನ ಗಂಡನನ್ನು ಕಳಿಸುತ್ತೇನೆ, ಅವನಿಗೂ ಬೇರೆ ಕೆಲಸವಿಲ್ಲ ಅಂದಳು. ಕೇಳಿದರೆ ತಾನೆ? ಕ್ವೀನ್ಸ್‌ಟೌನಿನ ಅರ್ಧ ಮಕ್ಕಳನ್ನು ಶಾಲೆ ಬಸ್ಸಿನಲ್ಲಿ ತುಂಬಿಕೊಂಡು ತಿರುಗಿದ ಹೆಂಗಸು ಅವಳು. ಎಪ್ಪತ್ತು ದಾಟಿದ ಮೇಲೆ ಇನ್ನೊಬ್ಬರ ಪಕ್ಕದಲ್ಲಿ ಕೈಕಟ್ಟಿ ಕೂತು ಹೋಗುವುದು ಆಸ್ಪತ್ರೆಗೆ ಮಾತ್ರ ಅಂತ ಅವಳ ವಾದ.

ಮದುವೆಯ ಉಡುಪು, ಹೊಸ ಚಪ್ಪಲಿ, ಎಲ್ಲ ಡಿಕ್ಕಿಯಲ್ಲಿದ್ದವು. ಮೈಮೇಲೆ ಹಳೇ ಸ್ವೆಟರ್, ಕಾಲಲ್ಲಿ ರಬ್ಬರ್ ಬೂಟು. ಬೆಳಗ್ಗೆ ಕೋಳಿಗಳಿಗೆ ಕಾಳು ಹಾಕಿ ಬಂದವಳು ಬೂಟು ಬಿಚ್ಚುವುದನ್ನೇ ಮರೆತಿದ್ದಳು. ನೆನಪಾಗುವ ಹೊತ್ತಿಗೆ ಕಾರು ಸರೋವರದ ದಂಡೆ ಹಿಡಿದಾಗಿತ್ತು. ಮದುವೆ ನಡೆಯುವ ವಾನಕಕ್ಕೆ ಹೋಗಿ ಬದಲಾಯಿಸಿದರಾಯಿತು, ಕ್ಲಚ್ಚಿಗೇನು ಗೊತ್ತಾಗುತ್ತದೆಯೇ ಅಂದುಬಿಟ್ಟಳು. ಪಕ್ಕದಲ್ಲಿ ತಂಗಿ ರೇವಿನ್, ರೇವಿನ್ ತೊಡೆಯ ಮೇಲೆ ಪಾವ್ಲೋವಾ. ಮೊಟ್ಟೆಯ ಬಿಳಿಯನ್ನು ಸಕ್ಕರೆ ಜೊತೆ ಕಡೆದು, ರಾತ್ರಿಯಿಡೀ ಒಲೆಯಲ್ಲಿ ಆರಲು ಬಿಟ್ಟು, ಮೇಲೆ ಕೆನೆ, ಹಣ್ಣು ಹೇರಿದ ಆ ಗೋಪುರ ಎದುರಿಗೆ ಯಾರಾದರೂ ಸೀನಿದರೂ ಬಿರುಕು ಬಿಡುತ್ತದೆ. ಅಂಥದ್ದನ್ನು ಕ್ರೌನ್ ಘಾಟಿಯ ತಿರುವುಗಳಲ್ಲಿ ಹಿಡಿದುಕೊಂಡು ಹೋಗಲು ಒಪ್ಪಿದ್ದಾಳೆಂದರೆ ರೇವಿನ್‌ಗೆ ಅಕ್ಕನ ಮೇಲೆ ಎಷ್ಟು ಪ್ರೀತಿ ಇರಬೇಕು ನೋಡಿ.

ವಾಕಟಿಪು ಸರೋವರ ಆ ದಿನ ಬೇಕೆಂದೇ ಮಿಂಚುತ್ತಿತ್ತು. ಶರತ್ಕಾಲ, ದಂಡೆಯ ಪಾಪ್ಲರ್ ಮರಗಳು ಹಳದಿಗೆ ತಿರುಗಿದ್ದವು, ಬೆಟ್ಟದ ತುದಿಯಲ್ಲಿ ಹೊಸ ಹಿಮದ ಸಣ್ಣ ಗೆರೆ. ನೋಲೀನ್ ಅದರ ಕಡೆ ನೋಡಲಿಲ್ಲ. ನೋಡಿದರೆ ಅಳು ಬರುತ್ತದೆ ಅಂತ ಅವಳಿಗೆ ಗೊತ್ತಿತ್ತು.

ಮದುಮಗ ಲಾಕಿ ವಾನಕದವನು, ಹೆಂಡತಿ ತೀರಿಕೊಂಡು ಒಂಟಿಯಾದವನು, ಜೀವಮಾನವೆಲ್ಲ ಕುರಿ ಸಾಗಿಸುವ ಲಾರಿ ಓಡಿಸಿದವನು. ಯಾರದೋ ಮಣ್ಣಿಗೆ ಹೋದಾಗ, ಆಮೇಲಿನ ಚಹಾ ಕೂಟದಲ್ಲಿ, ತಟ್ಟೆಯಲ್ಲಿ ಉಳಿದ ಕೊನೆಯ ಸ್ಯಾಂಡ್‌ವಿಚ್ಚಿಗೆ ಇಬ್ಬರೂ ಒಟ್ಟಿಗೆ ಕೈ ಹಾಕಿದ್ದೇ ನೆಪ. ಅರ್ಧ ಅರ್ಧ ತಿಂದರು. ಅಲ್ಲಿಂದ ಶುರುವಾದ ಓಡಾಟ ಎರಡು ವರ್ಷ ನಡೆಯಿತು. ಓಡಾಟ ಅಂದರೆ ನೋಲೀನಳ ಓಡಾಟ. ವಾರ ವಾರ ಘಾಟಿ ಹತ್ತಿ ಇಳಿದು ವಾನಕಕ್ಕೆ ಹೋಗುತ್ತಿದ್ದವಳು ಅವಳು. ಲಾಕಿ ಮಾತ್ರ ಒಂದೇ ಒಂದು ಸಲವೂ ಘಾಟಿ ದಾಟಿ ಈಚೆ ಬಂದವನಲ್ಲ. ಕರೆದಾಗಲೆಲ್ಲ ಒಂದೊಂದು ನೆಪ: ಮಂಡಿ ನೋವು, ಕುರಿ ಮರಿ ಹಾಕುವ ಕಾಲ, ದೋಣಿಗೆ ಬಣ್ಣ ಬಳಿಯಬೇಕು. ಆ ದೋಣಿಗೆ ಬಳಿದ ಬಣ್ಣದಲ್ಲಿ ಒಂದು ಹಡಗಿಗೇ ಬಳಿಯಬಹುದಿತ್ತು.

ಮದುವೆಯಾದ ಮೇಲೆ ಅವಳೇ ವಾನಕಕ್ಕೆ ಹೋಗಿರುವುದು ಅಂತ ಮಾತಾಗಿತ್ತು. ಅವನು ಕೇಳಿದ ಸಂಭ್ರಮದಲ್ಲಿ ಅವಳು ಹೂಂ ಅಂದುಬಿಟ್ಟಿದ್ದಳು. ಹೂಂ ಅಂದದ್ದಕ್ಕೆ ಬೇಸರವೇನೂ ಇರಲಿಲ್ಲ. ಆದರೆ ಒಂದು ಆಸೆ ಉಳಿದುಹೋಗಿತ್ತು. ತಾನು ಬಿಟ್ಟುಬರುವ ಮನೆಯನ್ನು ಅವನು ಒಂದು ಸಲ ಬಂದು ನೋಡಲಿ. ಅಡುಗೆಮನೆಯ ಕಿಟಕಿಯ ಹತ್ತಿರ ನಿಂತು ತನ್ನ ಸರೋವರ ನೋಡಲಿ. ತನಗೋಸ್ಕರ ಒಂದು ಸಲ ಅವನು ಬರಲಿ. ಬರದೇ ಹೋದರೆ, ಉಳಿದ ಆಯುಷ್ಯವೆಲ್ಲ ತಾನೇ ಅವನ ಕಡೆ ನಡೆಯುತ್ತಿರಬೇಕಾದೀತು ಅನ್ನುವುದು ಅವಳ ಭಯ.

ತಂಗಿಯರಿಗೆ ಇಂಥದ್ದು ಹೇಳದೆಯೇ ಗೊತ್ತಾಗುತ್ತದೆ. ಘಾಟಿಯ ಮೊದಲ ತಿರುವಿನಲ್ಲೇ ರೇವಿನ್ ಬಾಯಿ ಬಿಟ್ಟಳು.

"ಅಕ್ಕ, ಒಂದು ಮಾತು. ಘಾಟಿ ಬೇಡ ಅಂದ್ರೆ ಕೆಳಗಡೆ ಕಣಿವೆ ದಾರೀಲಿ ಸುತ್ತಿ ಬರಬೋದಿತ್ತಲ್ಲ ಅವನು? ಅಲ್ಲೇನು ಘಾಟಿನೂ ಇಲ್ಲ, ಏನೂ ಇಲ್ಲ."

"ಪಾವ್ಲೋವಾ ನೋಡ್ಕೊ."

"ನೋಡ್ಕೊಂಡಿದೀನಿ. ನೀನು ಹೇಳು."

"ಮದುವೆ ದಿನ ಇದನ್ನ ಎತ್ತಲೇಬೇಕಿತ್ತೇನೆ ನೀನು?"

ಅಷ್ಟು ಹೇಳಿ ನೋಲೀನ್ ಕಾರನ್ನು ಎಷ್ಟು ರಭಸದಿಂದ ತಿರುಗಿಸಿದಳೆಂದರೆ ಪಾವ್ಲೋವಾದ ಮೇಲಿನ ಒಂದು ಸ್ಟ್ರಾಬೆರಿ ಹಾರಿ ರೇವಿನ್‌ಳ ಕೊರಳ ಸರಕ್ಕೆ ಅಂಟಿಕೊಂಡಿತು. ಮುಂದಿನ ತಿರುವಿನಲ್ಲಿ ಬಾಡಿಗೆ ಕಾರಿನ ಪ್ರವಾಸಿಗರು ರಸ್ತೆಯ ನಟ್ಟನಡುವೆ ನಿಂತು ಒಂದು ಕುರಿಯ ಫೋಟೋ ತೆಗೆಯುತ್ತಿದ್ದರು. ಜನ ಇಲ್ಲದ ಕಡೆ ಕುರಿ ಇರುವ ಊರಿದು. ಒಂದು ಕುರಿಗೆ ಅಷ್ಟೊಂದು ಸಡಗರವೇ? ನೋಲೀನ್ ಹಾರ್ನ್ ಒತ್ತಿದಳು. ಪ್ರವಾಸಿಗರು ಹೆದರಿದರು, ಕುರಿ ಹೆದರಲಿಲ್ಲ.

ನೆತ್ತಿ ಹತ್ತಿ, ಆಚೆ ಇಳಿದು, ಕಾರ್ಡ್ರೋನಾ ಕಣಿವೆಯ ಹಳೇ ಹೋಟೆಲಿನ ಪಕ್ಕದಲ್ಲಿ, ಸೌದೆ ರಾಶಿಯ ಬುಡದಲ್ಲಿ ತಮ್ಮ ಬಿಳೀ ಕಾರು ನಿಲ್ಲಿಸಿದರು. ಇಬ್ಬರಿಗೂ ಬಚ್ಚಲಿಗೆ ಹೋಗಬೇಕಿತ್ತು. ರೇವಿನ್ ಪಾವ್ಲೋವಾವನ್ನು ಹಿಂದಿನ ಸೀಟಿನಲ್ಲಿ ಮಗುವಿನ ಹಾಗೆ ಮಲಗಿಸಿ, ಕೈಚೀಲಗಳನ್ನು ಎರಡೂ ಕಡೆ ಒತ್ತಾಗಿಟ್ಟಳು. ಕೀಲಿ ಕಾರಿನಲ್ಲೇ ಉಳಿಯಿತು. ನಮ್ಮ ಕಡೆ ಕಾರಿನಿಂದ ಇಳಿಯುವಾಗ ಕೀಲಿ ತೆಗೆಯುವವರು ಇಬ್ಬರೇ, ಪ್ರವಾಸಿಗರು ಮತ್ತು ಪೊಲೀಸರು.

ಹೋಟೆಲಿನ ಗ್ಲೆನಿಸ್ ಇಬ್ಬರಿಗೂ ಪರಿಚಯದವಳು. ಮದುವೆ ಹೆಣ್ಣು ರಬ್ಬರ್ ಬೂಟಿನಲ್ಲಿ ಬಂದದ್ದು ನೋಡಿ ನಕ್ಕು, ಧೈರ್ಯಕ್ಕಿರಲಿ ಅಂತ ಒಂದೊಂದು ಪುಟ್ಟ ಲೋಟ ಶೆರ್ರಿ ವೈನ್ ತಳ್ಳಿದಳು. ನೋಲೀನ್ ತನ್ನದನ್ನು ಮುಟ್ಟಲಿಲ್ಲ, ಓಡಿಸಬೇಕಲ್ಲ. ರೇವಿನ್ ಎರಡನ್ನೂ ಮುಟ್ಟಿದಳು.

"ಇಲ್ಲಿಂದಲೇ ಗಾಡಿ ತಿರುಗಿಸ್ಕೊಂಡು ಮನೆಗೆ ಹೋಗ್ಬಿಡೋಣ ಅನ್ನಿಸ್ತಿದೆ ಕಣೆ ಗ್ಲೆನಿಸ್" ಅಂದಳು ನೋಲೀನ್. ನಗುತ್ತಲೇ ಅಂದಳು. ಆದರೆ ನಗು ಕಣ್ಣಿನವರೆಗೆ ಹೋಗಲಿಲ್ಲ. ಗ್ಲೆನಿಸ್ ಅದನ್ನು ಗಮನಿಸಿದಳು. ಗಮನಿಸುವುದೇ ಅವಳ ಕಸುಬು.

ಹೊರಗೆ ಬಂದ ನೋಲೀನ್ ಬಾಗಿಲಿನ ಎದುರಿಗಿದ್ದ ಬಿಳೀ ಕಾರಿನಲ್ಲಿ ಕೂತು, ಕೀಲಿ ತಿರುಗಿಸಿ, ವಾನಕದ ಕಡೆ ಹೊರಟಳು. ಸೀಟು ಯಾಕೋ ಹಿಂದಕ್ಕೆ ಹೋಗಿದೆಯಲ್ಲ ಅಂತ ಗೊಣಗಿ ಮುಂದಕ್ಕೆ ಎಳೆದುಕೊಂಡಳು. ರೇವಿನ್ ಎರಡು ಶೆರ್ರಿಯ ಸುಖದಲ್ಲಿದ್ದಳು. ಯಾರೋ ಯಾವತ್ತೋ ಒಂದು ಬ್ರಾ ನೇತುಹಾಕಿ, ಆಮೇಲೆ ಊರೂರಿನವರು ಬಂದು ನೇತುಹಾಕುತ್ತಾ ಹೋದ ಆ ಬೇಲಿ ಬಂತು. ನಿನ್ನ ಹಳೇದೊಂದನ್ನು ಇಲ್ಲಿ ಕಟ್ಟಿ ಹೋಗು ಅಕ್ಕ, ಇನ್ನು ಮೇಲೆ ಹೊಸ ಜೀವನ ಅಂತ ರೇವಿನ್ ಅಂದಳು. ಥೂ ಸುಮ್ಮನಿರೇ ಅಂದರೂ ನೋಲೀನ್‌ಗೆ ನಗು ತಡೆಯಲಾಗಲಿಲ್ಲ.

ನಗುತ್ತಲೇ ರೇವಿನ್ ಪಾವ್ಲೋವಾ ಹೇಗಿದೆ ನೋಡೋಣವೆಂದು ಹಿಂದಕ್ಕೆ ತಿರುಗಿದಳು. ಕಂಬಳಿಯ ಕೆಳಗಿನಿಂದ ಒಂದು ದೊಡ್ಡ ಕಪ್ಪು ಮೂತಿ ಎದ್ದು ಅವಳ ಮೂಗಿಗೆ ಮೂಗು ತಾಗಿಸಿತು.

"ಅಕ್ಕ" ಅಂದಳು ರೇವಿನ್ ಬಲು ಮೆಲ್ಲಗೆ. "ನಾಯಿ ಪಾವ್ಲೋವಾ ತಿಂದ್ಬಿಟ್ಟಿದೆ. ತಟ್ಟೆ ಸಮೇತ."

"ಯಾವ ನಾಯಿ?"

ಉತ್ತರವನ್ನು ನಾಯಿಯೇ ಕೊಟ್ಟಿತು. ಅದು ಕುರಿ ಅಟ್ಟುವ ನಾಯಿ. ಬೆಟ್ಟದ ಈ ಮಗ್ಗುಲಲ್ಲಿ ಬೊಗಳಿದರೆ ಆ ಮಗ್ಗುಲಿನ ಕುರಿ ಏಳಬೇಕು, ಅಂಥ ಗಂಟಲು. ನೋಲೀನ್ ಕಾರನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದಳು. ಇಬ್ಬರೂ ಸುತ್ತ ನೋಡಿದರು. ಬೇಲಿ ತಂತಿಯ ಸುರುಳಿ, ಸುತ್ತಿಗೆ, ಯಾವನದೋ ಕೊಳೆ ಟೋಪಿ. ಉಡುಪಿಲ್ಲ, ಚಪ್ಪಲಿಯಿಲ್ಲ, ಕೈಚೀಲವಿಲ್ಲ, ಕೈಚೀಲದಲ್ಲಿದ್ದ ಫೋನೂ ಇಲ್ಲ. ಅದು ಅವರ ಕಾರೇ ಅಲ್ಲ. ಆಮೇಲೆ ಯಾರು ಮೊದಲು ನಕ್ಕರೋ ಗೊತ್ತಿಲ್ಲ. ಹೊಟ್ಟೆ ಹುಣ್ಣಾಗುವಷ್ಟು ನಕ್ಕರು, ಕಣ್ಣೊರೆಸಿಕೊಂಡರು, ಒಬ್ಬರ ಮುಖ ಒಬ್ಬರು ನೋಡಿ ಮತ್ತೆ ನಕ್ಕರು. ನಾಯಿಗೂ ಖುಷಿಯಾಗಿ ಇಬ್ಬರ ಕಿವಿಯನ್ನೂ ನೆಕ್ಕಿತು.

ಹಿಂದಕ್ಕೆ ಹೋಗೋಣವೇ ಅಂತ ರೇವಿನ್ ಕೇಳಿದಳು. ನೋಲೀನ್ ಲೆಕ್ಕ ಹಾಕಿದಳು: ಹೊತ್ತಾಗಿದೆ, ಇವತ್ತು ಯಾರ ಮದುವೆ ಅಂತ ಕಣಿವೆಗೆಲ್ಲ ಗೊತ್ತು, ಬಿಳೀ ಉಡುಪು ಸಿಕ್ಕಿದವನು ಅದನ್ನು ಹಾಕಿಕೊಂಡು ಬೇಲಿ ಕಟ್ಟಲಿಕ್ಕಂತೂ ಹೋಗುವುದಿಲ್ಲ, ವಾನಕಕ್ಕೇ ತಂದುಕೊಡುತ್ತಾನೆ. ಅಜ್ಜಿಗೆ ಅರಿವೆ ಚಿಂತೆ, ಮೊಮ್ಮಗಳಿಗೆ ಕಜ್ಜಾಯದ ಚಿಂತೆ ಅನ್ನುವ ಹಾಗೆ ರೇವಿನ್ ಮಾತ್ರ ಅವನು ಪಾವ್ಲೋವಾದ ಮೇಲೆ ಕೂತರೆ ಏನು ಗತಿ ಅಂತ ದಾರಿಯುದ್ದಕ್ಕೂ ಕೊರಗಿದಳು.

ಸ್ವಲ್ಪ ಮುಂದೆ ಎದುರಿನಿಂದ ಒಂದು ಪುಟ್ಟ ಹಸಿರು ಕಾರು ಬಾಣದ ಹಾಗೆ ಬಂತು. ಪದ್ಧತಿಯಂತೆ ನೋಲೀನ್ ಸ್ಟಿಯರಿಂಗಿನ ಮೇಲಿಂದ ಒಂದು ಬೆರಳೆತ್ತಿ ನಮಸ್ಕಾರ ಹೇಳಿದಳು. ಬಿಸಿಲಿಗೆ ಗಾಜು ಹೊಳೆದು ಅದರಲ್ಲಿದ್ದವನ ಮುಖ ಕಾಣಲಿಲ್ಲ, ಬೆರಳಂತೂ ಏಳಲಿಲ್ಲ. ಯಾವನೋ ಹೊರಗಿನವನು, ಮರ್ಯಾದೆ ಗೊತ್ತಿಲ್ಲ ಅಂತ ನೋಲೀನ್ ಬೈದುಕೊಂಡಳು.

ವಾನಕದ ಸರೋವರದ ದಂಡೆಯಲ್ಲಿ ಹಳದಿ ಮರಗಳ ಕೆಳಗೆ ಕುರ್ಚಿ ಹಾಕಿತ್ತು, ಜನ ಸೇರಿದ್ದರು. ರಬ್ಬರ್ ಬೂಟಿನ ಮದುಮಗಳು, ಕೊರಳಲ್ಲಿ ಸ್ಟ್ರಾಬೆರಿಯ ತಂಗಿ, ಹಿಂದೆ ಗುರುತಿಲ್ಲದ ನಾಯಿ, ಮೂವರೂ ಕಾರಿನಿಂದಿಳಿದರು. ಯಾರೂ ನಗಲಿಲ್ಲ. ಸತ್ತವರು ಎದ್ದು ಬಂದಂತೆ ಎಲ್ಲರೂ ಬಾಯಿ ತೆರೆದು ನೋಡಿದರು. ಮದುವೆ ಮಾಡಿಸಲು ಬಂದಿದ್ದ ಬ್ರಾನ್ವಿನ್ ಕಾಗದಗಳನ್ನು ಎದೆಗೆ ಅವಚಿಕೊಂಡು ಮುಂದೆ ಬಂದಳು.

"ನೀನು ಕಾಲಿಗೆ ಬುದ್ಧಿ ಹೇಳಿದೆ ಅಂತ ಗ್ಲೆನಿಸ್ ಫೋನ್ ಮಾಡಿದ್ಳಲ್ಲ" ಅಂದಳು. "ನಿನ್ನ ಬಿಳೀ ಕಾರು ವಾಪಸ್ ಘಾಟಿ ಹತ್ತೋದನ್ನ ಕಿಟಕೀಲಿ ಕಣ್ಣಾರೆ ನೋಡಿದ್ಳಂತೆ."

"ಲಾಕಿ ಎಲ್ಲಿ?"

"ಅವನ ಗಾಡಿಗೆ ಎಲ್ಲಾರೂ ಕಾರು ಅಡ್ಡ ನಿಲ್ಸಿದ್ರು. ನನ್ನ ಕಾರು ತಗೊಂಡು ನಿನ್ನ ಹಿಂದೆ ಹೋದ."

"ಹಸಿರು ಕಾರಾ?"

"ಹೂಂ."

"ಯಾವ ಕಡೆ ಹೋದ?"

"ಯಾವ ಕಡೆ ಅಂದ್ರೆ ಏನೇ? ಘಾಟಿ ಕಡೆ."

ನೋಲೀನ್ ಹತ್ತಿರದ ಕುರ್ಚಿಯಲ್ಲಿ ಕೂತಳು. ಪಾಪ, ಅಳುತ್ತಾಳೆ ಅಂತ ಯಾರೋ ಕರವಸ್ತ್ರ ಹಿಡಿದು ಓಡಿಬಂದರು. ಅವಳ ಮುಖ ನೋಡಿದರೆ ಅರಳಿಹೋಗಿತ್ತು. ಘಾಟಿ ಕಡೆಯೇ? ಅಂತ ಮತ್ತೆ ಕೇಳಿದಳು. ಹೌದು ಅಂದರು. ತಾನೇ ಹೋದನೇ, ಯಾರಾದರೂ ಹೋಗು ಅಂದರೇ? ಯಾರೂ ಹೇಳಲಿಲ್ಲ, ಫೋನ್ ಬಂದದ್ದೇ ಕೋಟು ಕುರ್ಚಿಯ ಮೇಲೆಸೆದು ಹೊರಟ ಅಂದರು. ಅವನಿಗೆ ಫೋನ್ ಮಾಡಿ ಹೇಳೋಣವೆಂದು ಬ್ರಾನ್ವಿನ್ ಒತ್ತಿದರೆ ಆ ಕೋಟೇ ರಿಂಗಾಯಿತು.

"ಬಾ, ಕಾರು ಹತ್ತು" ಅಂದಳು ನೋಲೀನ್.

ವಾನಕದಿಂದ ಕಾರ್ಡ್ರೋನಾಕ್ಕೆ ಆ ದಿನ ಅವಳು ಓಡಿಸಿದ ಹಾಗೆ ಶಾಲೆ ಬಸ್ಸು ಓಡಿಸಿದ್ದರೆ ಊರಿನ ತಾಯಂದಿರು ಅವಳನ್ನು ಜೈಲಿಗೆ ಹಾಕಿಸುತ್ತಿದ್ದರು. ಹಿಂದಿನ ಸೀಟಿನಲ್ಲಿ ಬ್ರಾನ್ವಿನ್ ಮತ್ತು ನಾಯಿ ತಿರುವು ಬಂದಾಗಲೆಲ್ಲ ಅಪ್ಪಿಕೊಳ್ಳುತ್ತಿದ್ದರು. ಅವರ ಹಿಂದೆ ಮದುವೆಗೆ ಬಂದವರ ಕಾರುಗಳ ಸಾಲು. ಎದುರಿನಿಂದ ಕಾರು ಬಂದರೆ ಸಾಕು, ನೋಲೀನ್ ಮೊದಲು ಅದರ ಬಣ್ಣ ನೋಡುತ್ತಿದ್ದಳು. ಹಸಿರು ಆಗಿರದಿರಲಿ ದೇವರೇ, ವಾಪಸ್ ಬರಬೇಡ ಲಾಕಿ, ಹಿಡಿದ ದಾರಿ ಬಿಡಬೇಡ. ಮದುಮಗನನ್ನು ಹುಡುಕಿಕೊಂಡು ಹೊರಟ ಮದುಮಗಳು ಅವನು ಸಿಗದಿರಲಿ ಅಂತ ಬೇಡಿಕೊಳ್ಳುತ್ತಿದ್ದಳು. ಬಂದವೆಲ್ಲ ಬಾಡಿಗೆ ಕಾರುಗಳು, ಎಲ್ಲವೂ ಬಿಳಿ, ಬೂದು. ಹೋಟೆಲಿನ ಮುಂದೆ ಗ್ಲೆನಿಸ್ ತಲೆಯ ಮೇಲೆ ಕೈ ಹೊತ್ತು ನಿಂತಿದ್ದಳು. ನೋಲೀನ್ ನಿಲ್ಲಿಸಲಿಲ್ಲ, ಕಿಟಕಿಯಿಂದ ಒಂದು ಮುತ್ತು ಎಸೆದು ಹೋದಳು.

ಹಸಿರು ಕಾರು ಘಾಟಿಯ ನೆತ್ತಿಯಲ್ಲಿತ್ತು. ಬಾಗಿಲು ಹಾರುಹೊಡೆದಿತ್ತು. ಅದರ ಪಕ್ಕದಲ್ಲಿ ನೋಲೀನಳ ಬಿಳೀ ಕಾರು, ಅದಕ್ಕೊರಗಿಕೊಂಡು ಮೊಣಕೈವರೆಗೆ ಕೆನೆ ಮೆತ್ತಿಕೊಂಡ ಒಬ್ಬ ಗಡ್ಡದವನು. ಅವನು ಟ್ರೆವ್, ಬೇಲಿ ಕಟ್ಟುವವನು. ಹೋಟೆಲಿನಿಂದ ಮಾಂಸ ತುಂಬಿದ ಬಿಸಿ ಪೈ ಹಿಡಿದು ಬಂದವನು, ಕೈಯಲ್ಲಿ ಪೈ ಇದ್ದವನಿಗೆ ಪ್ರಪಂಚದ ಬೇರೇನು ತಾನೆ ಕಾಣಿಸುತ್ತದೆ, ಸೌದೆ ರಾಶಿಯ ಬುಡದಲ್ಲಿದ್ದ ಬಿಳೀ ಕಾರು ತನ್ನದೇ ಅಂತ ಹತ್ತಿ ತನ್ನ ಪಾಡಿಗೆ ಕ್ವೀನ್ಸ್‌ಟೌನಿಗೆ ಕೆಲಸಕ್ಕೆ ಹೊರಟಿದ್ದ. ನೆತ್ತಿಯಲ್ಲಿ ನಿಲ್ಲಿಸಿ, ಪೈಯ ಅಂಚು ಕೊಡೋಣವೆಂದು ಹಿಂದಿನ ಸೀಟಿಗೆ ಕೈಚಾಚಿ ನಾಯಿಯ ತಲೆ ಸವರಿದರೆ ಅದು ಪಾವ್ಲೋವಾ. ನಾಯಿ ಅವನನ್ನು ನೋಡಿದ್ದೇ ಹಾರಿಹೋಗಿ ಮೊಣಕೈಯನ್ನು ನೆಕ್ಕಿ ಶುದ್ಧ ಮಾಡಿತು. ರೇವಿನ್ ಕಾರಿನೊಳಗೆ ತಲೆ ಹಾಕಿ, ತಟ್ಟೆ ಎತ್ತಿಕೊಂಡು, ಅರ್ಧ ಉಳಿದಿದೆ ಅಂತ ಸಾರಿದಳು.

ಲಾಕಿ ಇವರ ಕಡೆ ಬೆನ್ನು ಮಾಡಿ, ಕ್ವೀನ್ಸ್‌ಟೌನ್ ಬದಿಯ ರಸ್ತೆಯಂಚಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಕೋಟಿಲ್ಲ, ಟೈ ಗಾಳಿಗೆ ಹೆಗಲ ಮೇಲೆ ಹೋಗಿತ್ತು. ಕೆಳಗೆ ರಸ್ತೆ ಬಿಚ್ಚಿ ಬಿಸಾಕಿದ ಹಗ್ಗದ ಹಾಗೆ ಬಿದ್ದಿತ್ತು. ದೂರದಲ್ಲಿ ವಾಕಟಿಪುವಿನ ಒಂದು ತುಣುಕು ಹೊಳೆಯುತ್ತಿತ್ತು. ನೋಲೀನ್ ಹೋಗಿ ಪಕ್ಕದಲ್ಲಿ ನಿಂತಳು. ಅವನು ಕಂಬಿಯಿಂದ ಕೈ ತೆಗೆಯಲಿಲ್ಲ.

"ಓಡಿಹೋಗಿಲ್ಲ ನಾನು" ಅಂದಳು.

"ಗೊತ್ತಾಯ್ತು. ಟ್ರೆವ್ ಹೇಳ್ದ."

"ಮತ್ತೆ ವಾಪಸ್ ಯಾಕೆ ಬರ್ಲಿಲ್ಲ?"

 ಲಾಕಿ ಕೆಳಗಿನ ಒಂದು ತಿರುವನ್ನು ಗದ್ದದಲ್ಲೇ ತೋರಿಸಿದ. ವಯಸ್ಸಿನಲ್ಲಿದ್ದಾಗ, ಮಂಜು ಬಿದ್ದ ಒಂದು ಬೆಳಗ್ಗೆ, ಆ ತಿರುವಿನಲ್ಲಿ ಅವನ ಲಾರಿ ಕುರಿಗಳ ಸಮೇತ ಜಾರಿ, ಮುಂದಿನ ಚಕ್ರ ಗಾಳಿಯಲ್ಲಿ ನಿಂತಿತ್ತಂತೆ. ಯಾರೋ ಬಂದು ಹಗ್ಗ ಹಾಕಿ ಎಳೆಯುವ ತನಕ ಉಸಿರಾಡಲೂ ಹೆದರಿ ಕೂತಿದ್ದನಂತೆ. ಅಂದಿನಿಂದ ಈ ಇಳಿಜಾರಿಗೆ ಕಾಲಿಟ್ಟವನಲ್ಲ.

"ಲಾರಿ ಓಡ್ಸೋನು ಘಾಟಿಗೆ ಹೆದರ್ತೀನಿ ಅಂತ ಹೆಂಗೆ ಹೇಳ್ಲಿ ನಿಂಗೆ?" ಅಂದ. "ನೀನು ನೋಡಿದ್ರೆ ವಾರ ವಾರ ಬೆಣ್ಣೇಲಿ ಕೂದಲು ತೆಗೆದ ಹಾಗೆ ಇಳಿದು ಬರ್ತೀಯ."

"ಕಣಿವೆ ದಾರೀಲಿ ಸುತ್ತಿ ಬರಬೋದಿತ್ತಲ್ಲ, ದಡ್ಡ."

"ಯಾಕೆ ಸುತ್ತಿ ಬಂದೆ ಅಂತ ನೀನು ಕೇಳೋಳು. ಕೇಳ್ದೆ ಬಿಡೋಳಾ ನೀನು?"

ಅದೇನೋ ನಿಜ. ನೋಲೀನ್‌ಗೆ ಎರಡು ವರ್ಷದ ಕೋಪವೆಲ್ಲ ಒಮ್ಮೆಗೇ ಕರಗಿ, ಅದರ ಜಾಗದಲ್ಲಿ ಏನೋ ಬೆಚ್ಚಗೆ ತುಂಬಿಕೊಂಡಿತು, ಟೈ ಸರಿಮಾಡುವ ನೆಪದಲ್ಲಿ ಅವಳು ಅವನ ಎದೆಯ ಮೇಲೆ ಕೈಯಿಟ್ಟು ನಿಂತಳು. ಇಷ್ಟು ದಿನ ಇವನು ಬರಲೊಲ್ಲ ಅಂದುಕೊಂಡಿದ್ದಳು. ಬರಲಾರ ಅಂತ ಹೊಳೆದೇ ಇರಲಿಲ್ಲ. ಅಂಥವನು ಇವತ್ತು ತಾನು ಓಡಿಹೋದೆ ಅಂದಾಕ್ಷಣ ಕೋಟೂ ಹಾಕಿಕೊಳ್ಳದೆ ಇಲ್ಲಿಯವರೆಗೆ ಬಂದಿದ್ದಾನೆ.

ಅಷ್ಟರಲ್ಲಿ ಮಿಕ್ಕ ಕಾರುಗಳೂ ಬಂದು, ನೆತ್ತಿಯೆಲ್ಲ ಮದುವೆ ಜನ ತುಂಬಿತು. ಇಲ್ಲೇ ಮದುವೆ ಮುಗಿಸಿಬಿಡಿ ಅಂತ ಯಾರೋ ಕೂಗಿದರು. ಬ್ರಾನ್ವಿನ್ ಒಪ್ಪಲಿಲ್ಲ, ಕಾಗದದಲ್ಲಿ ವಾನಕದ ದಂಡೆ ಅಂತಿದೆ, ಕಾನೂನು ಕಾನೂನೇ, ಎಲ್ಲರೂ ಕೆಳಗಿಳಿಯಿರಿ ಅಂದಳು. ಬನ್ನಿ ಬನ್ನಿ ಅಂತ ಜನ ಕಾರುಗಳ ಕಡೆ ತಿರುಗಿದರು. ನೋಲೀನ್ ಕೂಡ ತಿರುಗಿದಳು. ಇಷ್ಟು ಬಂದನಲ್ಲ, ಸಾಕು ಅಂತ ಅವಳು ಆಗಲೇ ತೀರ್ಮಾನ ಮಾಡಿಕೊಂಡಿದ್ದಳು.

ಲಾಕಿ ಕಂಬಿ ಬಿಟ್ಟ. ನೆಟ್ಟಗೆ ನೋಲೀನಳ ಬಿಳೀ ಕಾರಿನತ್ತ ನಡೆದು, ಡ್ರೈವರ್ ಸೀಟಿನಲ್ಲಿ ಕೂತ.

"ಹತ್ತು" ಅಂದ.

"ವಾನಕ ಆ ಕಡೆ."

"ವಾನಕ ಎಲ್ಲೂ ಓಡಿಹೋಗಲ್ಲ. ಇವರೂ ಎಲ್ಲೂ ಹೋಗಲ್ಲ, ರೇವಿನ್ ಹತ್ರ ಅರ್ಧ ಪಾವ್ಲೋವಾ ಇದೆ. ನಿಮ್ಮನೇಲಿ ಒಂದು ಲೋಟ ಚಹಾ ಕುಡಿದು ಬರೋಣ."

"ನಾನು ಓಡಿಸ್ತೀನಿ, ಈಚೆ ಬಾ."

"ಬೇಡ" ಅಂದ ಲಾಕಿ. "ನೀನು ಓಡಿಸಿದ್ರೆ ನಾನು ಬಂದ ಹಾಗಾಗಲ್ಲ."

ನೋಲೀನ್ ಪಕ್ಕದ ಸೀಟಿನಲ್ಲಿ ಕೂತು, ತೊಡೆಯ ಮೇಲೆ ಕೈಯಿಟ್ಟುಕೊಂಡಳು. ಮದುವೆಗೆ ಬಂದವರೆಲ್ಲ ಕಂಬಿಗೆ ಮುತ್ತಿಗೆ ಹಾಕಿ ನೋಡುತ್ತಿದ್ದಂತೆ ಬಿಳೀ ಕಾರು ಇಳಿಜಾರಿಗೆ ಇಳಿಯಿತು. ಬಸವನಹುಳವಾದರೂ ನಾಚಬೇಕು, ಅಷ್ಟು ನಿಧಾನ. ಹಿಂದೆ ಬಾಡಿಗೆ ಕಾರುಗಳು ಸಾಲುಗಟ್ಟಿದವು. ಪ್ರವಾಸಿಗರು ಹಾರ್ನ್ ಒತ್ತಿದರು. ಕಾಲ ಎಲ್ಲಿಗೆ ಬಂತು ನೋಡಿ. ನೋಲೀನಳ ರಬ್ಬರ್ ಬೂಟು ತಾನಾಗಿ ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು. ಸ್ವಲ್ಪ ಎಡಕ್ಕೆ ತಗೋ ಅನ್ನುವ ಮಾತು ನಾಲಿಗೆಯ ತುದಿಗೆ ಬಂದು ಬಂದು ಹೋಯಿತು. ತುಟಿ ಕಚ್ಚಿ ಕೂತಳು. ಆ ತಿರುವು ಬಂದಾಗ ಲಾಕಿಯ ಹಣೆಯಿಂದ ಬೆವರು ಮೂಗಿಗಿಳಿಯಿತು, ಅವನು ಒರೆಸಿಕೊಳ್ಳಲಿಲ್ಲ. ತಿರುವು ಕಳೆದ ಮೇಲೆ ಒಂದು ದೊಡ್ಡ ಉಸಿರು ಬಿಟ್ಟು, ಹೇಗೆ ಅನ್ನುವಂತೆ ಅವಳ ಕಡೆ ನೋಡಿದ. ಮುಂದೆ ನೋಡಿಕೊಂಡು ಓಡಿಸು ಅಂತ ನೋಲೀನ್ ಬೈದಳು, ಇಬ್ಬರೂ ನಗಲಾರಂಭಿಸಿದರು.

ಬಯಲಿಗೆ ಬಂದ ಮೇಲೆ ಕಾರಿಗೆ ಕಾಲು ಬಂತು. ಹಳದಿ ಮರಗಳು ಕಳೆದವು, ನದಿಯ ಸೇತುವೆ ಕಳೆಯಿತು, ಎದುರಿಗೆ ವಾಕಟಿಪು ಉದ್ದಕ್ಕೂ ತೆರೆದುಕೊಂಡಿತು. ಲಾಕಿ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ, ಸರೋವರ ನೋಡಿದ, ದಂಡೆಯ ಮೇಲೆ ಒತ್ತಾಗಿ ಕೂತ ಮನೆಗಳನ್ನು ನೋಡಿದ.

"ಇನ್ಮೇಲೆ ನೀನು ಹೇಳ್ಬೇಕು" ಅಂದ. "ನಿಮ್ಮನೆ ದಾರಿ ನಂಗೆ ಗೊತ್ತಿಲ್ಲ."

ಎಷ್ಟು ಸಲ ಮನಸ್ಸಿನಲ್ಲೇ ಅವನಿಗೆ ಹೇಳಿಕೊಟ್ಟ ದಾರಿ.  ನೋಲೀನ್ ಕೈ ಮಾಡಿ ತೋರಿಸಿದಳು.